ಹಸಿ ಕಸದ ಬಕೆಟ್‌ನ್ಯಾಗ ಬಿದ್ದದ್ದೆಲ್ಲಾ ಕಡಿಗೆ ಹೊಲಕ್ಕೇ ಹೋಗ್ತದ

ಕಲಬುರಗಿದಾಗ ಫಂಕ್ಷನ್ ಹಾಲ್, ಹಾಸ್ಟೆಲ್, ಅಪಾರ್ಟ್‌ಮೆಂಟ್‌ದವರಿಗೆ ಹಸಿ ಕಸದ ಗೊಬ್ಬರದ ಯೂನಿಟ್ ಕೂಡಿಸಿ ಕೊಡೋ ಕೆಲಸ ನಂದು, ಎಲ್ಲಿ ಹೋದ್ರೂ ಗೊಬ್ಬರಕ್ಕಿಂತ ಮೊದಲ ಬರೋ ಪ್ರಶ್ನಿ ಪ್ಲಾಸ್ಟಿಕ್‌ದು. "ಸರ್, 120 ಮೈಕ್ರಾನ್ ಕ್ಯಾರಿಬ್ಯಾಗ್ ಆದ್ರ ನಡೀತದಲ್ರಿ?" ಕಾಯಿಪಲ್ಲೆ ಮಾರೋರೂ ಇದನ್ನೇ ಹೇಳ್ತಾರ, ಕಿರಾಣಿ ಅಂಗಡ್ಯಾಗೂ ಇದನ್ನೇ ಹೇಳ್ತಾರ.

ನಡಿಯಂಗಿಲ್ರಿ. ಚೀಲ ಕಡಿಮಿ ಅಂದ್ರ 120 ಮೈಕ್ರಾನ್ ದಪ್ಪ ಇರಬೇಕು ಅನ್ನೋದು ಕೇಂದ್ರದ ನಿಯಮ (ಮೈಕ್ರಾನ್ ಅಂದ್ರ ಮಿಲಿಮೀಟರಿನ ಸಾವಿರದಾಗ ಒಂದು ಪಾಲು), 2021ರ ಸೆಪ್ಟೆಂಬರ್ 30ಕ್ಕ 75 ಮೈಕ್ರಾನ್ ಮಾಡಿದ್ರು, 2022ರ ಡಿಸೆಂಬರ್ 31ಕ್ಕ 120ಕ್ಕ ಏರಿಸಿದ್ರು. ಆದ್ರ ಕರ್ನಾಟಕ ಸರ್ಕಾರ ಅದಕ್ಕೂ ಮೊದಲ 2016ರ ಮಾರ್ಚ್ 11ಕ್ಕನೇ ಆದೇಶ ಹೊರಡಿಸ್ಯದ, ಅದರಾಗ ಮೈಕ್ರಾನ್ ಲೆಕ್ಕನೇ ಇಲ್ಲ, ತೆಳ್ಳಗಿರ್ಲಿ ದಪ್ಪ ಇರ್ಲಿ ಕ್ಯಾರಿಬ್ಯಾಗ್ ಬಂದ್, ಅದರ ಜೋಡಿ ಪ್ಲಾಸ್ಟಿಕ್ ತಾಟು, ಕಪ್, ಚಮಚ, ಫ್ಲೆಕ್ಸ್, ಬಂಟಿಂಗ್ಸ್ (ದಾರಕ್ಕ ಕಟ್ಟೋ ಪ್ಲಾಸ್ಟಿಕ್ ತೋರಣ), ಊಟದ ಟೇಬಲ್ ಮ್ಯಾಲೆ ಹಾಸೋ ಹಾಳಿ ಎಲ್ಲಾ ಬಂದ್. ಹಾಲಿನ ಪ್ಯಾಕೆಟ್‌ಗೆ, ನರ್ಸರಿ ಸಸಿ ಚೀಲಕ್ಕ ವಿನಾಯ್ತಿ ಅದ. ಕೇಂದ್ರದ್ದಕ್ಕಿಂತ ನಮ್ಮ ರಾಜ್ಯದ್ದು ಬಿಗಿ ಇದ್ರ ಇಲ್ಲಿ ರಾಜ್ಯದ್ದೇ ನಡೀತದ, ಹಂಗಾಗಿ ಪಾಲಿಕೆಯವ್ರು ಅಂಗಡಿಗೆ ಬಂದು ಚೀಲ ಎತ್ತಿಕೊಂಡು ದಂಡ ಹಾಕಿದಾಗ "ಇದು ದಪ್ಪದ್ದು ರೀ" ಅಂತ ವಾದ ಮಾಡಿದ್ರ ಉಪಯೋಗ ಆಗಂಗಿಲ್ಲ.

ನಾನು ಇಷ್ಟು ಒತ್ತಿ ಯಾಕ ಹೇಳ್ತೀನಂದ್ರ, ಗೊಬ್ಬರ ತಯಾರಾದ ಮ್ಯಾಲೆ ಜರಡಿ ಹಿಡಿಯೋವಾಗ ಒಮ್ಮೆ ಬಂದು ನಿಂತು ನೋಡ್ರಿ. ಸಿಟಿ ಕಾಂಪೋಸ್ಟ್ (ಸಿಟಿ ಕಸದ ಗೊಬ್ಬರ) ಅಂತ ಮಾರಬೇಕಂದ್ರ ಅದರಾಗಿಂದ 90 ಪರ್ಸೆಂಟ್ ಆದ್ರೂ 4 ಎಂಎಂ ಜರಡಿದಾಗ ಇಳೀಬೇಕು ಅಂತ ನಿಯಮ ಅದ. ಒಂದು ಲಗ್ನದ ಹಾಲ್‌ನ ಗೊಬ್ಬರ ಜರಡಿ ಹಿಡಿದ್ರ ಮ್ಯಾಲೆ ಉಳಿಯೋದು ಏನು? ಮುರಿದ ಐಸ್‌ಕ್ರೀಂ ಚಮಚ, ಹೂವಿನ ಹಾರದ ನೈಲಾನ್ ದಾರ, ಪಾನ್ ಮಸಾಲಾದ ಚೀಟಿ, ರಬ್ಬರ್ ಬ್ಯಾಂಡ್, ಪೇಪರ್ ಕಪ್ಪಿನ ಒಳಗಿನ ತೆಳ್ಳನ ಪದರ. ಆ ಕಪ್ಪಿನ ಪೇಪರ್ ಕೊಳೆತು ಹೋಗಿರ್ತದ, ಪದರ ಮಾತ್ರ ಹಾವಿನ ಪೊರಿ ಹಂಗ ಹಂಗೇ ಕುಂತಿರ್ತದ. ಎಲ್ಲಕ್ಕಿಂತ ತ್ರಾಸು ಕೊಡೋದು ಹಾಲಿನ ಪ್ಯಾಕೆಟ್‌ನ ಆ ಸಣ್ಣ ತ್ರಿಕೋನದ ಮೂಲಿ, ಕತ್ರಿಲೆ ಕಟ್ ಮಾಡಿ ಸಿಂಕ್ ಕಡಿ ಒಗೀತೀವಿ, ಅದು ಕಾಯಿಪಲ್ಲೆ ಸಿಪ್ಪಿ ಜೋಡಿ ಬಕೆಟ್ ಸೇರ್ತದ, ಕೈಲೆ ಆರಿಸಾಕ ಆಗಂಗಿಲ್ಲ, ಜರಡಿದಾಗೂ ಎಷ್ಟೋ ಪಾರಾಗಿ ಹೋಗ್ತಾವ. ಪ್ಯಾಕೆಟ್ ಕಟ್ ಮಾಡೋವಾಗ ಮೂಲಿ ಪೂರ್ತಿ ಕಡೀಬ್ಯಾಡ್ರಿ, ಒಂದು ತುದಿ ಹಿಡಿದಿರಲಿ, ಇದೊಂದು ಎಲ್ಲರ ಮನ್ಯಾಗ ಆದ್ರ ಭಾಳ ಫರಕ್ ಬೀಳ್ತದ. ನಮ್ಮೂರಾಗ ಸಿಟ್ಯಾಗ ಮನಿ ಇದ್ದು ಊರಾಗ ಹೊಲ ಇರೋರು ಭಾಳ ಮಂದಿ, ಈ ಗೊಬ್ಬರ ಕಡಿಗೆ ಹೋಗೋದು ತೊಗರಿ ಹೊಲಕ್ಕ ಇಲ್ಲಾ ತಾರಸಿ ಕುಂಡಕ್ಕ, ಅಲ್ಲಿ ಸೇರಿದ ಪ್ಲಾಸ್ಟಿಕ್ ಚೂರು ವಾಪಸ್ ಆರಿಸೋರು ಯಾರೂ ಇಲ್ಲ.

ಇನ್ನೊಂದು, ಹಸಿರು ಬಣ್ಣದ "ಕಾಂಪೋಸ್ಟೇಬಲ್", ಅಂದ್ರ ಕೊಳೆತು ಗೊಬ್ಬರ ಆಗ್ತದ ಅನ್ನೋ ಚೀಲ ಬಂದಾವ. ಅದಕ್ಕ ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿ ಸರ್ಟಿಫಿಕೇಟ್ ಬೇಕು, ಚೀಲದ ಮ್ಯಾಲೆ ಪ್ರಿಂಟ್ ಇರಬೇಕು, ಇಲ್ಲಂದ್ರ ಅದು ಬರೀ ಹಸಿರು ಬಣ್ಣದ ಪ್ಲಾಸ್ಟಿಕ್. ಸರ್ಟಿಫಿಕೇಟ್ ಇದ್ದದ್ದೂ ದೊಡ್ಡ ಯೂನಿಟ್‌ನ್ಯಾಗ 58 ಡಿಗ್ರಿ ಹತ್ರ ಕಾವು ತಿಂಗಳಗಟ್ಟಲೆ ನಿಂತ್ರ ಕೊಳೀತದ, ನಿಮ್ಮ ಬಾಲ್ಕನಿದಾಗಿನ ಗೊಬ್ಬರದ ಮಡಕಿದಾಗ ಆ ಕಾವು ಅಷ್ಟು ದಿನ ನಿಲ್ಲಂಗಿಲ್ಲ. ಮನಿ ಗೊಬ್ಬರಕ್ಕ ಚೀಲನೇ ಬ್ಯಾಡ, ಬಕೆಟ್ ತಳಕ್ಕ ಹಳೆ ಪೇಪರ್ ಹಾಕ್ರಿ ಸಾಕು.

ಕಸ ಬ್ಯಾರೆ ಮಾಡೋದು 2016ರ ನಿಯಮದಾಗ ಮೂರು ಭಾಗ ಇತ್ತು, 2026ರ ಏಪ್ರಿಲ್ 1ರಿಂದ ಜಾರಿಗೆ ಬಂದ ಹೊಸ ನಿಯಮದಾಗ ನಾಲ್ಕು: ಹಸಿ, ಒಣ, ಸ್ಯಾನಿಟರಿ (ಪ್ಯಾಡ್, ಡೈಪರ್), ಮತ್ತ ಜ್ವಾಕೀಲೆ ಹಿಡಿಬೇಕಾದ ಕಸ, ಅಂದ್ರ ಪೇಂಟ್ ಡಬ್ಬಿ, ಬಲ್ಬ್, ಡೇಟ್ ಮುಗಿದ ಗುಳಗಿ. ದಿನಕ್ಕ 100 ಕೆಜಿ ಕಸ ಬರೋ ಹೋಟೆಲ್, ಹಾಸ್ಟೆಲ್, ಹಾಲ್‌ದವ್ರು ಆದಷ್ಟು ಹಸಿ ಕಸ ತಮ್ಮ ಜಾಗದಾಗೇ ಗೊಬ್ಬರ ಮಾಡಬೇಕು ಅನ್ನೋದು ಮೊದಲಿಂದನೂ ಅದ. ಲೈಸೆನ್ಸ್ ಇಲ್ಲದ ಜಾಗದಾಗ, ಓಣ್ಯಾಗ ಪೆಂಡಾಲ್ ಹಾಕಿ 100 ಮಂದಿಗಿಂತ ಹೆಚ್ಚು ಜನ ಸೇರಿಸಿ ಕಾರ್ಯಕ್ರಮ ಮಾಡೋದಿದ್ರ ಮೂರು ವರ್ಕಿಂಗ್ ಡೇ ಮೊದಲ ಪಾಲಿಕೆಗೆ ತಿಳಿಸಬೇಕು ಅಂತ 2016ರ ನಿಯಮದಾಗೇ ಬರೆದಾರ. ಊಟಕ್ಕ ಸ್ಟೀಲ್ ತಾಟು ಬಾಡಿಗಿಗೆ ತರ್ರಿ, ಆಗಂಗಿಲ್ಲಂದ್ರ ಪತ್ರೋಳಿ. ಒಳಗ ಮಿಂಚೋ ಬೆಳ್ಳಿ ಬಣ್ಣದ ಪೇಪರ್ ತಾಟು ಮಾತ್ರ ಬ್ಯಾಡ್ರಿ, ಅದು ಗೊಬ್ಬರಕ್ಕೂ ಬರಂಗಿಲ್ಲ ರದ್ದಿಗೂ ಹೋಗಂಗಿಲ್ಲ.

ಗೊಬ್ಬರ ಮಾಡೋ ವಿಡಿಯೋ ನೋಡಿ ಶುರು ಮಾಡೋರು ಬಹಳ, ಆದ್ರ ಅವು ಬೆಂಗಳೂರು ಹವಾಕ್ಕ ಮಾಡಿದ್ದು. ಅಲ್ಲಿ ನೀರು ಹೆಚ್ಚಾಗಿ ವಾಸನಿ ಬರ್ತದ, ನಮ್ಮಲ್ಲಿ ಏಪ್ರಿಲ್-ಮೇದಾಗ 42-43 ಡಿಗ್ರಿ ಬಿಸಲಿಗೆ ಮಡಕಿ ಎರಡೇ ದಿನದಾಗ ಒಣಗಿ ಎಲ್ಲಾ ಹಪ್ಪಳ ಆಗಿ ಕೆಲಸನೇ ನಿಂತು ಬಿಡ್ತದ. ಒಂದು ಮುಷ್ಟಿ ತಗೊಂಡು ಹಿಂಡ್ರಿ, ಬೆರಳ ಸಂದಿದಾಗ ಒಂದೆರಡು ಹನಿ ಕಾಣಬೇಕು, ಏನೂ ಬರಲಿಲ್ಲಂದ್ರ ನೀರು ಚಿಮುಕಿಸ್ರಿ, ಧಾರಿ ಇಳಿದ್ರ ಒಣ ಎಲಿ ಹಾಕ್ರಿ. ಇಲ್ಲೇ ನನಗ ಬೇಜಾರ ಆಗೋದು: ಚಳಿ ಮುಗಿಯೋ ಹೊತ್ತಿಗೆ ಬೇವಿನ ಎಲಿ ಉದುರಿ ಓಣಿ ತುಂಬ ಬಿದ್ದಿರ್ತದ, ಮುಂಜಾನಿ ಗುಡಿಸಿ ಗುಂಪು ಮಾಡಿ ಬೆಂಕಿ ಹಚ್ತಾರ, ಬಯಲಾಗ ಕಸ ಸುಡೋದೇ ನಿಯಮಕ್ಕ ವಿರುದ್ಧ, ಆಮ್ಯಾಲೆ ಅದೇ ಮನಿಯವ್ರು ಗೊಬ್ಬರದ ಮಡಕಿಗೆ ಹಾಕಾಕ ದುಡ್ಡು ಕೊಟ್ಟು ಕೊಕೊಪೀಟ್ (ತೆಂಗಿನ ನಾರಿನ ಪುಡಿ) ಇಟ್ಟಿಗಿ ತರ್ತಾರ! ಆ ಎಲಿನೇ ಎರಡು ಗೋಣಿಚೀಲ ತುಂಬಿ ಇಟ್ಕೊಂಡ್ರ ಸಣ್ಣ ಮನಿಗೆ ಎಷ್ಟೋ ತಿಂಗಳು ಬರ್ತದ. ತೊಗರಿ ಹೊಟ್ಟು ಸಿಕ್ರೂ ನಡೀತದ, ಆದ್ರ ಅದು ದನಕ್ಕ ಬೇಕಾದ್ದು, ಕೆಟ್ಟು ಬೂಸ್ಟು ಹಿಡಿದದ್ದು ಇದ್ರ ಮಾತ್ರ ತಗೋರಿ.

ಇನ್ನ ಎಣ್ಣಿ, ಅಂದ್ರ ಗಿಡಕ್ಕ ಹೊಡಿಯೋ ಕೀಟನಾಶಕದ ವಿಷಯ. ಕೀಟನಾಶಕದ ಕಾನೂನು 1968ರದ್ದು, ಕೇಂದ್ರದ್ದು, ಮಾರಾಟದ ಲೈಸೆನ್ಸ್ ನೋಡಿಕೊಳ್ಳೋದು ಕೃಷಿ ಇಲಾಖೆ, ಹಂಗಾಗಿ ಸಿಟಿ ಮನ್ಯಾಗ ಏನು ಹೊಡೀತಾರ ಅಂತ ಯಾರೂ ಕೇಳಂಗಿಲ್ಲ. ತೊಗರಿ ಕಾಯಿಕೊರಕ ಹುಳಕ್ಕ ತಂದ ಎಣ್ಣಿ ಬಾಟ್ಲಿ ತಳದಾಗ ಉಳಿದಿರ್ತದ, ಅದನ್ನ ತಂದು ತಾರಸಿ ಮ್ಯಾಲಿನ ಬದನಿ ಗಿಡಕ್ಕ ಹೊಡೀತಾರ, ಮರುದಿನ ಬದನಿಕಾಯಿ ಹರಕೊಂಡು ಪಲ್ಯ ಮಾಡ್ತಾರ. ಮೋನೊಕ್ರೊಟೊಫಾಸ್ ಅನ್ನೋ ಕೀಟನಾಶಕ ತರಕಾರಿಗೆ ಬಳಸಬಾರದು ಅಂತ 2005ರಾಗೇ ನಿಷೇಧ ಆಗ್ಯದ. ಲೇಬಲ್ ಮ್ಯಾಲೆ ತ್ರಿಕೋನ ಇರ್ತದ ನೋಡ್ರಿ, ಕೆಂಪು ಅಂದ್ರ ಎಲ್ಲಕ್ಕಿಂತ ವಿಷ, ಆಮ್ಯಾಲೆ ಹಳದಿ, ನೀಲಿ, ಹಸಿರು. ಕೆಂಪು, ಹಳದಿ ಮನಿ ಒಳಗ ತರಲೇಬ್ಯಾಡ್ರಿ, ಮಕ್ಕಳು ಇರೋ ಮನಿ. ಲೇಬಲ್‌ನ್ಯಾಗ ಯಾವ ಬೆಳಿ ಹೆಸರು ಅದನೋ ಅದಕ್ಕಷ್ಟೇ ಅದು. ಎಣ್ಣಿ ಹೊಡೆದ ಹುಲ್ಲು, ಎಲಿ ಆ ವಾರ ಗೊಬ್ಬರದ ಮಡಕಿಗೆ ಹಾಕಬ್ಯಾಡ್ರಿ. ಖಾಲಿ ಬಾಟ್ಲಿ ರದ್ದಿಯವರಿಗೆ ಕೊಡೋದು, ತೊಳೆದು ನೀರು ತುಂಬಿಡೋದು ಎರಡೂ ತಪ್ಪು. ಮೂರು ಸಲ ಗಲಬರಿಸಿ ಆ ನೀರು ಎಣ್ಣಿ ಹೊಡಿಯೋ ಪಂಪಿಗೇ ಹಾಕಿ, ಬಾಟ್ಲಿಗೆ ತೂತು ಹೊಡೆದು, ಜ್ವಾಕೀಲೆ ಹಿಡಿಬೇಕಾದ ಆ ನಾಲ್ಕನೇ ಭಾಗದ ಕಸದಾಗ ಬ್ಯಾರೆ ಕೊಡ್ರಿ.

ತಾರಸಿ ಗಿಡಕ್ಕ ಹುಳ ಬಿದ್ರ ಬೇವಿನ ಬೀಜದ ಕಷಾಯ ಸಾಕ್ರಿ. ಮಿರಗದ ಮಳಿ ಹೊತ್ತಿಗೆ ಬೇವಿನ ಹಣ್ಣು ಉದುರ್ತಾವ, ಆರಿಸಿ ತೊಳೆದು ನೆರಳಾಗ ಒಣಗಿಸಿ ಇಟ್ಕೊಳ್ರಿ. ಒಂದು ಲೀಟರ್ ನೀರಿಗೆ 50 ಗ್ರಾಂ ಬೀಜದ ಒಳಗಿನ ಕಾಳು ಕುಟ್ಟಿ, ಅರಿವಿದಾಗ ಕಟ್ಟಿ ರಾತ್ರಿ ಪೂರಾ ನೆನೆ ಇಟ್ಟು, ಮುಂಜಾನಿ ಹಿಂಡಿ ಸೋಸಿ, ಚೂರು ಸೋಪಿನ ನೀರು ಕೂಡಿಸಿ ಸಂಜಿ ಮುಂದ ಎಲಿ ಹಿಂದು ಮುಂದು ಹತ್ತಂಗ ಹೊಡೀರಿ. ಆವತ್ತಿಂದು ಆವತ್ತೇ ಖಾಲಿ ಮಾಡ್ರಿ, ಇಟ್ರ ಶಕ್ತಿ ಹೋಗ್ತದ, ಹಿಂಡಿದ ಮ್ಯಾಲೆ ಉಳಿದ ಹಿಂಡಿ ಗಿಡದ ಬುಡಕ್ಕ ಹಾಕ್ರಿ.