ಅಂಗಡಿಗೆ ನಾನೊಬ್ಬನೇ, ಸ್ವಾಮಿ

ಮೊದಲ ಮಹಾಯುದ್ಧದಲ್ಲಿ ಬ್ರಿಟನ್‌ನ ಕಡ್ಡಾಯ ಸೇನಾ ಭರ್ತಿಯನ್ನು ಪ್ರಶ್ನಿಸಿದವರು ಯಾರು? ಮನಸ್ಸಾಕ್ಷಿಯ ಕಾರಣಕ್ಕೆ ಬಂದೂಕು ಹಿಡಿಯಲ್ಲ ಎಂದವರೇ ಎಲ್ಲರಿಗೂ ನೆನಪಾಗುತ್ತಾರೆ. ಆದರೆ 1916ರ ಜೂನ್ ಮುಗಿಯುವ ಹೊತ್ತಿಗೇ ವಿನಾಯಿತಿ ಕೇಳಿದವರು ಏಳು ಲಕ್ಷ ದಾಟಿದ್ದರು. 2014ರಲ್ಲಿ ಆನ್‌ಲೈನ್‌ಗೆ ಬಂದ, ಲಂಡನ್ ಪಕ್ಕದ ಮಿಡಲ್‌ಸೆಕ್ಸ್ ಜಿಲ್ಲೆಯ ವಿನಾಯಿತಿ ಕಡತಗಳಲ್ಲಿ ಮನಸ್ಸಾಕ್ಷಿಯ ಅರ್ಜಿಗಳು ನೂರಕ್ಕೆ ಹತ್ತೂ ಇಲ್ಲ. ಉಳಿದವರಿಗೆ ಅಂಗಡಿ, ಸಾಲ, ಕಾಯಿಲೆ, ವಯಸ್ಸಾದ ತಾಯಿಯ ಚಿಂತೆ.

ನೆಪೋಲಿಯನ್ ಕಾಲದಲ್ಲಿ ಮಿಲಿಷಿಯಾಕ್ಕೆ, ಅಂದರೆ ನಾಡು ಕಾಯುವ ಮೀಸಲು ಪಡೆಗೆ, ಚೀಟಿ ಎತ್ತುತ್ತಿದ್ದರು, ದುಡ್ಡಿದ್ದವರು ಬದಲಿ ಆಳು ಕಳಿಸುತ್ತಿದ್ದರು. ಆಮೇಲೆ ಸುಮಾರು ನೂರು ವರ್ಷ ಯಾರಿಗೂ ಬಲವಂತ ಇರಲಿಲ್ಲ. 1916ರ ಜನವರಿಯ ಕಾನೂನು 18ರಿಂದ 41 ವರ್ಷದ ಮದುವೆಯಾಗದವರನ್ನು ಕರೆಯಿತು, ಮೇ ತಿಂಗಳಲ್ಲಿ ಮದುವೆಯಾದವರನ್ನೂ. ಕಷ್ಟ ಹೇಳಿಕೊಳ್ಳಲು ಊರೂರಲ್ಲಿ ಟ್ರಿಬ್ಯುನಲ್, ಅಂದರೆ ಅರ್ಜಿ ವಿಚಾರಿಸಿ ತೀರ್ಪು ಕೊಡುವ ಮಂಡಳಿ, ಒಟ್ಟು ಸುಮಾರು 2,000. ಅದರ ಮೇಲೆ ಕೌಂಟಿಯ, ಅಂದರೆ ಜಿಲ್ಲೆಯ, ಮೇಲ್ಮನವಿ ಮಂಡಳಿ, ಅದಕ್ಕೂ ಮೇಲೆ ಲಂಡನ್‌ನ ಕೇಂದ್ರ ಮಂಡಳಿ.

ಒಬ್ಬನೇ ನಡೆಸುವ ಬೇಕರಿಯನ್ನು ನೋಡಿ. ರಾತ್ರಿ ಹಿಟ್ಟು ನಾದುವವನು ಅವನೇ, ನಸುಕಿನಲ್ಲಿ ಒಲೆ ಮುಂದೆ ನಿಲ್ಲುವವನು ಅವನೇ, ಬೆಳಗಾದ ಮೇಲೆ ಗಾಡಿಯಲ್ಲಿ ಮನೆಮನೆಗೆ ಬ್ರೆಡ್ ಹಂಚುವವನೂ ಅವನೇ. ಟ್ರಿಬ್ಯುನಲ್ ಮುಂದೆ ಅವನು ವ್ಯಾಪಾರ ಎಷ್ಟು, ಸಾಲ ಎಷ್ಟು ಎಂದೆಲ್ಲ ಬಿಡಿಸಿ ಹೇಳಬೇಕು. ಅದೂ ಊರಿನ ಪತ್ರಿಕೆಯವರು ಬರೆದುಕೊಳ್ಳುತ್ತಿರುವಾಗ! ತೀರ್ಪು ಕೊಡುವವರಲ್ಲಿ ಊರಿನ ಕೌನ್ಸಿಲರ್‌ಗಳು, ಎಷ್ಟೋ ಸಲ ಅವರೂ ಅಂಗಡಿಯವರೇ. ಗುರುತಿನವರ ಮುಂದೆ ಗಲ್ಲಾಪೆಟ್ಟಿಗೆ ತೆರೆದಿಡುವುದು ಸುಮ್ನೆ ಮಾತಲ್ಲ. ಪಕ್ಕದಲ್ಲಿ ಸೇನೆಯ ಪ್ರತಿನಿಧಿ ಬೇರೆ. ಹೆಂಡತಿ ಅಂಗಡಿ ನೋಡಿಕೊಳ್ಳಲ್ವಾ, ವಯಸ್ಸಾದ ಆಳು ಸಿಗಲ್ವಾ ಎಂಬಂಥ ಪ್ರಶ್ನೆಗಳು. ವಿನಾಯಿತಿ ಕೊಟ್ಟರೂ ಸೇನೆಯವರು ಮೇಲ್ಮನವಿ ಹಾಕಬಹುದಿತ್ತು.

ಜಾಸ್ತಿ ಜನಕ್ಕೆ ಸಿಕ್ಕಿದ್ದು ಒಂದು ತಿಂಗಳು, ಮೂರು ತಿಂಗಳ ಗಡುವು. ಅಷ್ಟರಲ್ಲಿ ಉದ್ರಿ ವಸೂಲಿ ಮಾಡಿ, ಸರಕು ಮಾರಿ, ಬಾಗಿಲು ಹಾಕಬೇಕು. ದೊಡ್ಡ ಅಂಗಡಿಯಲ್ಲಿ ನಾಲ್ಕು ಆಳು ಹೋದರೂ ಬಾಗಿಲು ತೆರೆದಿರುತ್ತದೆ. ಇಲ್ಲಿ ಒಬ್ಬ ಹೋದರೆ ಅಂಗಡಿಯೇ ಇಲ್ಲ. ಗಿರಾಕಿ ಒಮ್ಮೆ ಬೇರೆ ಕಡೆ ಹೋದರೆ ವಾಪಸ್ ಬರುತ್ತಾನೆಯೇ? ಕಾಗದದ ಮೇಲೆ ಕಾನೂನು ಎಲ್ಲರಿಗೂ ಒಂದೇ ಆಗಿತ್ತು ನಿಜ.

1918ರ ಏಪ್ರಿಲ್‌ನಲ್ಲಿ ವಯಸ್ಸಿನ ಮಿತಿ 51ಕ್ಕೆ ಏರಿತು. ಯುದ್ಧ ಮುಗಿದ ಮೇಲೆ, 1921ರಲ್ಲಿ, ಟ್ರಿಬ್ಯುನಲ್ ಕಾಗದಗಳನ್ನು ನಾಶ ಮಾಡಲು ಸರ್ಕಾರವೇ ಹೇಳಿತು. ಮಾದರಿಗೆಂದು ಉಳಿಸಿಕೊಂಡದ್ದು ಮಿಡಲ್‌ಸೆಕ್ಸ್ ಮತ್ತು ಸ್ಕಾಟ್ಲೆಂಡ್‌ನ ಲೋಥಿಯನ್-ಪೀಬಲ್ಸ್ ಕಡತಗಳನ್ನು.

1939ರಲ್ಲಿ ಯುದ್ಧದ ಜೊತೆಗೇ ಕಡ್ಡಾಯ ಭರ್ತಿಯೂ ಬಂತು. ಈ ಸಲ ಮನಸ್ಸಾಕ್ಷಿಗೆ ಬೇರೆ ಮಂಡಳಿ, ಕಷ್ಟ ಹೇಳಿಕೊಳ್ಳುವವರಿಗೆ ಬೇರೆ ಸಮಿತಿ. ಅಂಗಡಿಯವರು ಅಲ್ಲಿ ಕೇಳಬಹುದಾಗಿದ್ದುದು ಮುಂದೂಡಿಕೆಯನ್ನು ಮಾತ್ರ.