'ಇಲ್ಲ' ಅಂತ ಬರೀರಿ ಮೇಡಂ

ದಾವಣಗೆರೆಯಲ್ಲಿ ವಿಮೆ ಸಲಹೆಗಾರ್ತಿಯಾಗಿ ಕೆಲಸ ಮಾಡುವ ನನ್ನನ್ನು ಜನ ಜಾಸ್ತಿ ಕೇಳುವುದು ಎರಡು ಪ್ರಶ್ನೆ. ಯಾವ ಕಂಪನಿ ಒಳ್ಳೇದು? ವಾಪಸ್ ಎಷ್ಟು ಬರುತ್ತೆ? ನನ್ನ ಉತ್ತರ ಚಿಕ್ಕದು. ದುಡಿಯುವವರು ಹೋದರೆ ಮನೆ ನಡೆಯಲು ಟರ್ಮ್ ಪಾಲಿಸಿ, ಆಸ್ಪತ್ರೆ ಖರ್ಚಿಗೆ ಆರೋಗ್ಯ ವಿಮೆ, ಕೈಕಾಲು ಮುರಿದು ದುಡಿಮೆ ನಿಂತರೆ ಅಪಘಾತ ವಿಮೆ. ಈ ಮೂರೂ ಆದ ಮೇಲೆ ದುಡ್ಡು ಉಳಿದರೆ ವಾಪಸ್ ಬರುವ ಪಾಲಿಸಿಯ ಮಾತು. ಟರ್ಮ್ ಪಾಲಿಸಿಯ ಮೊತ್ತ ಎಷ್ಟು ಅಂದರೆ, ಮನೆ ಸಾಲ, ಸೊಸೈಟಿ ಸಾಲ, ಕೈಸಾಲ ಎಲ್ಲ ಕೂಡಿಸಿ. ಮಕ್ಕಳು ದುಡಿಯಲು ಶುರು ಮಾಡುವವರೆಗಿನ ಮನೆ ಖರ್ಚನ್ನು ಅದಕ್ಕೆ ಸೇರಿಸಿ. ಕಂಪನಿ ಕಂಪನಿಗೆ ವ್ಯತ್ಯಾಸ ಇದೆ, ನೀವು ಅಂದುಕೊಂಡಷ್ಟು ಇಲ್ಲ.

ನಾನು ಬರೆಯಲು ಕೂತಿದ್ದು ಬೇರೆ ವಿಷಯಕ್ಕೆ. ಪಾಲಿಸಿ ಬೇಕು ಅಂತ ಕಂಪನಿಗೆ ಕೊಡುವ ಅರ್ಜಿ, ಅಂದರೆ ಪ್ರಪೋಸಲ್ ಫಾರಂನಲ್ಲಿ ಆರೋಗ್ಯದ ಪ್ರಶ್ನೆಗಳ ಒಂದು ಪುಟ ಇರುತ್ತದೆ. ಶುಗರ್ ಇದೆಯಾ, ಬಿಪಿ ಇದೆಯಾ, ಆಪರೇಷನ್ ಆಗಿದೆಯಾ, ತಂಬಾಕು ಬಳಸುತ್ತೀರಾ. ಆ ಪುಟಕ್ಕೆ ಬಂದ ಕೂಡಲೇ ಎದುರಿಗೆ ಕೂತವರು ಹೇಳುವುದು ಒಂದೇ ಮಾತು. "ಎಲ್ಲಾದಕ್ಕೂ ಇಲ್ಲ ಅಂತ ಬರೀರಿ ಮೇಡಂ." ಪಿ.ಜೆ. ಬಡಾವಣೆಯ ದೊಡ್ಡ ಮನೆಯಲ್ಲೂ ಇದೇ, ಎಪಿಎಂಸಿ ಯಾರ್ಡಿನ ಮೆಕ್ಕೆಜೋಳದ ಅಂಗಡಿಯಲ್ಲೂ ಇದೇ.

ಇವರೆಲ್ಲ ಮೋಸ ಮಾಡುವ ಜನ ಅಲ್ಲ. ಅಂಗಡಿಯಲ್ಲಿ ಗಿರಾಕಿ ಹತ್ತು ರೂಪಾಯಿ ಜಾಸ್ತಿ ಕೊಟ್ಟರೆ ಕರೆದು ವಾಪಸ್ ಕೊಡುವವರು. ಆದರೆ ಶುಗರ್ ಅವರ ಲೆಕ್ಕದಲ್ಲಿ ಕಾಯಿಲೆಯೇ ಅಲ್ಲ. "ಈಗ ಶುಗರ್ ಯಾರಿಗಿಲ್ಲ ಹೇಳ್ರಿ?" ಅನ್ನುತ್ತಾರೆ. ದಿನಾ ಮಾತ್ರೆ ತಗೊಂಡು ನಾರ್ಮಲ್ ಇದೆ ಅಂದ ಮೇಲೆ ಇಲ್ಲದ ಹಾಗೇ ಅಲ್ವಾ ಅನ್ನುವುದು ಇನ್ನೊಂದು ವಾದ. ಕೆಲವರ ಕಾರಣ ಕೇಳಿದರೆ ಬೇಜಾರಾಗುತ್ತದೆ. ಮನೆಯಲ್ಲಿ ಮದುವೆಗೆ ಬಂದ ಮಗಳಿದ್ದಾಳೆ, ಅಪ್ಪನಿಗೆ ಹಾರ್ಟ್ ತೊಂದರೆ ಅಂತ ಊರಿಗೆ ಗೊತ್ತಾದರೆ ಸಂಬಂಧ ತಪ್ಪುತ್ತದೆ ಅನ್ನುವ ಭಯ. ಫಾರಂನಲ್ಲಿ ಬರೆದದ್ದನ್ನು ಬೀಗರು ಓದುವುದಿಲ್ಲ ಅಂತ ಎಷ್ಟೋ ಮನೆಯಲ್ಲಿ ಸಮಾಧಾನ ಹೇಳಿದ್ದೇನೆ.

ತಂಬಾಕಿನ ಪ್ರಶ್ನೆಯದು ನಮ್ಮ ಜಿಲ್ಲೆಯ ವಿಶೇಷ ಕಷ್ಟ. ಚನ್ನಗಿರಿ ಕಡೆಯ ಅಡಿಕೆ ಬೆಳೆಗಾರರಿಗೆ "ತಂಬಾಕು?" ಅಂದರೆ ಸಿಗರೇಟು ಮಾತ್ರ ನೆನಪಾಗುತ್ತದೆ. "ಒಂದು ಬೀಡಿ ಸೈತ ಮುಟ್ಟಿಲ್ಲ" ಅಂತ ಎದೆ ಮುಟ್ಟಿ ಹೇಳುತ್ತಾರೆ. ಆ ಜೇಬಿನಲ್ಲೇ ಗುಟ್ಕಾ ಚೀಟಿ ಇರುತ್ತದೆ. ಎಲೆ ಅಡಿಕೆ ಜೊತೆ ಹಾಕುವ ಕಡ್ಡಿಪುಡಿ, ಹೊಗೆಸೊಪ್ಪು, ಗುಟ್ಕಾ ಎಲ್ಲವೂ ತಂಬಾಕೇ. ದೊಡ್ಡ ಮೊತ್ತದ ಟರ್ಮ್ ಪಾಲಿಸಿಗೆ ಮೂತ್ರ ಪರೀಕ್ಷೆ ಮಾಡಿಸುವುದುಂಟು. ನಿಕೋಟಿನ್ ಒಳಗೆ ಹೋಗಿದ್ದರೆ ಅದರ ಗುರುತು ಅಲ್ಲಿ ಸಿಗುತ್ತದೆ. ಹೊಗೆ ಬಿಟ್ಟದ್ದೋ ಜಗಿದದ್ದೋ ಅನ್ನುವುದನ್ನು ಅದು ನೋಡುವುದಿಲ್ಲ.

ಮುಚ್ಚಿಟ್ಟದ್ದು ಹೇಗೆ ಹೊರಗೆ ಬರುತ್ತದೆ ಅನ್ನುವುದು ಜನರಿಗೆ ಗೊತ್ತಿಲ್ಲ, ಅದಕ್ಕೇ ಧೈರ್ಯ. ಪಾಲಿಸಿ ಮಾಡಿ ಮೂರು ವರ್ಷದೊಳಗೆ ಸಾವಾದರೆ ಕಂಪನಿ ಸಾಮಾನ್ಯವಾಗಿ ತನಿಖೆಗೆ ಜನ ಕಳಿಸುತ್ತದೆ. ಅವರು ಬಂದು ಆಸ್ಪತ್ರೆಯ ಕೇಸ್ ಶೀಟ್ ಕೇಳುತ್ತಾರೆ. ಈಗ ನೆನಪು ಮಾಡಿಕೊಳ್ಳಿ. ರಾತ್ರಿ ಹೊತ್ತು ಎದೆ ನೋವು ಅಂತ ಕರೆದುಕೊಂಡು ಹೋಗಿರುತ್ತೀರಿ. ಡ್ಯೂಟಿ ಡಾಕ್ಟರು ಮೊದಲು ಕೇಳುವುದೇ "ಶುಗರ್, ಬಿಪಿ ಇದೆಯಾ, ಎಷ್ಟು ವರ್ಷದಿಂದ?" ಅಂತ. ಆ ಹೊತ್ತಲ್ಲಿ ಯಾವ ಹೆಂಡತಿ ಸುಳ್ಳು ಹೇಳುತ್ತಾಳೆ? ಹೇಳಲೂಬಾರದು. "ಎಂಟು ವರ್ಷದಿಂದ ಶುಗರ್ ಐತ್ರಿ, ದಿನಾ ಮಾತ್ರೆ ತಗಂತಾರೆ" ಅನ್ನುತ್ತಾಳೆ. ಅದು ಕೇಸ್ ಶೀಟಿನ ಮೊದಲ ಪುಟದಲ್ಲಿ ಕೂರುತ್ತದೆ, ಡಿಸ್ಚಾರ್ಜ್ ಸಮ್ಮರಿಗೂ ಹೋಗುತ್ತದೆ. ಫಾರಂ ನೋಡಿದರೆ ಒಂದೇ ವರ್ಷದ ಹಿಂದೆ ಅದೇ ಪ್ರಶ್ನೆಗೆ 'ಇಲ್ಲ' ಅಂತಿದೆ. ಎರಡು ಕಾಗದ ಪಕ್ಕಪಕ್ಕ ಇಟ್ಟರೆ ಮುಗಿಯಿತು. ಯಾರೂ ಚಾಡಿ ಹೇಳಬೇಕಾಗಿಲ್ಲ.

ಮಂಡಿಪೇಟೆಯ ಹತ್ತಿರ ಅಂಗಡಿ ಇಟ್ಟುಕೊಂಡಿದ್ದ ಒಬ್ಬರ ಮನೆಯಲ್ಲಿ ಹೀಗೇ ಆಯಿತು. ಪಾಲಿಸಿ ಬೇರೆ ಏಜೆಂಟ್ ಮಾಡಿಸಿದ್ದು. ಎರಡನೇ ವರ್ಷದಲ್ಲಿ ಆ ಅಂಗಡಿಯವರು ಹೃದಯಾಘಾತದಿಂದ ಹೋದರು. ಕ್ಲೇಮು ತಿರಸ್ಕಾರವಾದ ಪತ್ರ ಹಿಡಿದುಕೊಂಡು ಅವರ ಹೆಂಡತಿ ನನ್ನ ಹತ್ತಿರ ಬಂದರು. ಕಟ್ಟಿದ್ದ ಪ್ರೀಮಿಯಂ ಮಾತ್ರ ವಾಪಸ್ ಬಂದಿತ್ತು. ಅವರು ಕೇಳಿದ್ದು ಒಂದೇ: "ಅಕ್ಕಾ, ನಾನು ಡಾಕ್ಟರಿಗೆ ಶುಗರ್ ಐತಿ ಅಂತ ಹೇಳಬಾರದಾಗಿತ್ತಾ?" ಗಂಡನನ್ನು ಕಳೆದುಕೊಂಡವರು ಡಾಕ್ಟರಿಗೆ ನಿಜ ಹೇಳಿದ್ದಕ್ಕೆ ತಾವೇ ತಪ್ಪಿತಸ್ಥರು ಅಂದುಕೊಂಡು ಕೂತಿದ್ದರು. ಫಾರಂನ ಆ 'ಇಲ್ಲ' ಹೋಗಿ ಬಿದ್ದದ್ದು ಅವರ ತಲೆ ಮೇಲೆ. ಅದಕ್ಕೇ ಈ ವಿಷಯಕ್ಕೆ ನನಗೆ ಸಿಟ್ಟು ಬರುವುದು.

ಆಗ ಬರುವ ಸಮರ್ಥನೆಗಳು ಎಲ್ಲರವೂ ಒಂದೇ. "ಕಂಪನಿಯವರೇ ಮೆಡಿಕಲ್ ಮಾಡಿಸಿದ್ರು, ಪಾಸಾಗಿತ್ತು" ಅಂತ ಒಂದು. ಮಾತ್ರೆ ತಗೊಂಡು ಹೋದವರ ರಕ್ತ ಆ ದಿನ ಚೆನ್ನಾಗಿಯೇ ಕಾಣಬಹುದು. ಪರೀಕ್ಷೆ ಅವರ ಕೆಲಸ, ಕೇಳಿದ್ದಕ್ಕೆ ನಿಜ ಹೇಳುವುದು ನಿಮ್ಮ ಕೆಲಸ. "ಏಜೆಂಟ್ ಬರೆದಿದ್ದು, ನಾವು ಸೈನ್ ಮಾಡಿದ್ವಿ ಅಷ್ಟೇ" ಅಂತ ಇನ್ನೊಂದು. ಸೈನ್ ಯಾರದೋ ಉತ್ತರ ಅವರದು. ಈಗ ಮೊಬೈಲಿಗೆ ಬರುವ ಒಟಿಪಿ ಹೇಳಿದರೂ ಅದು ಸೈನ್ ಇದ್ದ ಹಾಗೇ. "ಮುಚ್ಚಿಟ್ಟ ಕಾಯಿಲೆಗೂ ಸಾವಿಗೂ ಸಂಬಂಧ ಇಲ್ಲ" ಅಂತ ಮತ್ತೊಂದು. ಇದರಲ್ಲಿ ಕೋರ್ಟು ತೀರ್ಪುಗಳು ಎರಡೂ ಕಡೆ ಇವೆ. ನಿಮ್ಮ ಕೇಸು ಗೆದ್ದರೂ ಗೆಲ್ಲಬಹುದು. ಆದರೆ ಮಕ್ಕಳ ಫೀಸು ಕಟ್ಟುವ ದುಡ್ಡಿಗೆ ಕೋರ್ಟು ಹತ್ತಬೇಕಾ?

ಕಾನೂನು ಇಷ್ಟು ಹೇಳುತ್ತದೆ. 1938ರ ವಿಮಾ ಕಾಯ್ದೆಯ 45ನೇ ಸೆಕ್ಷನ್ 2015ರಲ್ಲಿ ತಿದ್ದುಪಡಿ ಆದ ಮೇಲೆ, ಮೂರು ವರ್ಷ ಪೂರ್ತಿಯಾದ ಜೀವ ವಿಮೆ ಪಾಲಿಸಿಯನ್ನು ಕಂಪನಿ ಯಾವ ಕಾರಣಕ್ಕೂ ಪ್ರಶ್ನೆ ಮಾಡುವಂತಿಲ್ಲ. ಮೂರು ವರ್ಷದೊಳಗೆ ಮಾಡಬಹುದು. ಉದ್ದೇಶಪೂರ್ವಕ ಮೋಸ ಅಲ್ಲ, ವಿಷಯ ಮುಚ್ಚಿಟ್ಟದ್ದು ಮಾತ್ರ ಅಂತಾದರೆ ಕಟ್ಟಿದ ಪ್ರೀಮಿಯಂ 90 ದಿನದಲ್ಲಿ ವಾಪಸ್ ಕೊಡಬೇಕು. ಇದನ್ನು ಕೇಳಿದ ಕೂಡಲೇ "ಹಂಗಾದ್ರೆ ಮೂರು ವರ್ಷ ಬದುಕಿದ್ರೆ ಸಾಕಲ್ರಿ" ಅನ್ನುವವರಿದ್ದಾರೆ. ಸ್ವಲ್ಪ ತಡೀರಿ. ಆ ಮೂರು ವರ್ಷ ಎಲ್ಲಿಂದ ಎಣಿಸುತ್ತಾರೆ ಅನ್ನುವುದನ್ನು ನೋಡಿ. ಪಾಲಿಸಿ ಕೊಟ್ಟ ದಿನ, ರಿಸ್ಕ್ (ವಿಮೆಯ ರಕ್ಷಣೆ) ಶುರುವಾದ ದಿನ, ರೈಡರ್ (ಪಾಲಿಸಿಯ ಜೊತೆ ಕೊಳ್ಳುವ ಹೆಚ್ಚುವರಿ ರಕ್ಷಣೆ) ಸೇರಿಸಿದ ದಿನ, ನಿಂತ ಪಾಲಿಸಿ ಮತ್ತೆ ಚಾಲೂ ಅಂದರೆ ರಿವೈವಲ್ ಆದ ದಿನ, ಇವುಗಳಲ್ಲಿ ಯಾವುದು ಕೊನೆಯದೋ ಅಲ್ಲಿಂದ.

ರೈತರು ಸಿಕ್ಕಿಬೀಳುವುದು ಈ ರಿವೈವಲ್‌ನಲ್ಲಿ. ಜೂನ್, ಜುಲೈನಲ್ಲಿ ದುಡ್ಡೆಲ್ಲ ಬೀಜ ಗೊಬ್ಬರಕ್ಕೆ ಹೋಗಿರುತ್ತದೆ. ಪ್ರೀಮಿಯಂ ಆ ತಿಂಗಳಲ್ಲೇ ಬಂದರೆ ನಿಂತುಹೋಗುತ್ತದೆ. ತಡವಾಗಿ ಕಟ್ಟಲು ಕೊಡುವ 30 ದಿನದ ಗ್ರೇಸ್ ದಾಟಿತು ಅಂದರೆ ಪಾಲಿಸಿ ಲ್ಯಾಪ್ಸ್, ಅಂದರೆ ನಿಂತ ಹಾಗೆ. ಜೋಳ ಮಾರಿ ದುಡ್ಡು ಬಂದ ಮೇಲೆ ರಿವೈವಲ್ ಮಾಡಿಸುವಾಗ ಆರೋಗ್ಯದ ಬಗ್ಗೆ ಹೊಸದಾಗಿ ಇನ್ನೊಂದು ಕಾಗದಕ್ಕೆ ಸೈನ್ ಬೀಳುತ್ತದೆ. ಅವತ್ತಿಂದ ಮೂರು ವರ್ಷ ಮತ್ತೆ ಶುರು. ಹತ್ತು ವರ್ಷದ ಹಳೆ ಪಾಲಿಸಿ ಅಂತ ನೀವು ನಂಬಿಕೊಂಡಿರುತ್ತೀರಿ, ಕಾನೂನಿನ ಲೆಕ್ಕದಲ್ಲಿ ಅದಕ್ಕೆ ಆರು ತಿಂಗಳು. ಜಗಳೂರು, ಹರಿಹರ ಕಡೆಯ ರೈತರಿಗೆ ನಾನು ಹೇಳುವುದು, ಪ್ರೀಮಿಯಂ ತಾರೀಖು ನವೆಂಬರ್, ಡಿಸೆಂಬರ್‌ಗೆ ಬರುವ ಹಾಗೆ ಪಾಲಿಸಿ ಶುರು ಮಾಡಿ, ವರ್ಷಕ್ಕೊಮ್ಮೆ ಕಟ್ಟಿ.

ನಿಜ ಹೇಳಿದರೆ ಏನಾಗುತ್ತದೆ? ಕಂಪನಿ ಮಾಮೂಲಿ ದರಕ್ಕೇ ಒಪ್ಪಬಹುದು, ಪ್ರೀಮಿಯಂ ಏರಿಸಬಹುದು, ಕೆಲವು ತಿಂಗಳು ಬಿಟ್ಟು ಬನ್ನಿ ಅನ್ನಬಹುದು, ಬೇಡ ಅನ್ನಲೂಬಹುದು. ಒಬ್ಬರು ಬೇಡ ಅಂದದ್ದನ್ನು ಇನ್ನೊಬ್ಬರು ಒಪ್ಪುವುದು ನಾನು ನೋಡಿದ್ದೇನೆ. ಆದರೆ ಮುಂದಿನ ಫಾರಂನಲ್ಲಿ "ಹಿಂದೆ ಯಾರಾದರೂ ನಿರಾಕರಿಸಿದ್ದಾರಾ?" ಅಂತ ಕೇಳುತ್ತಾರೆ, ಅಲ್ಲೂ ನಿಜವೇ ಬರೆಯಬೇಕು. ಖರ್ಚಿನ ಮಾತಿಗೆ ಬಂದರೆ, ವೈಯಕ್ತಿಕ ಜೀವ ವಿಮೆ, ಆರೋಗ್ಯ ವಿಮೆ ಮೇಲೆ 18 ಪರ್ಸೆಂಟ್ ಇದ್ದ ಜಿಎಸ್‌ಟಿ 2025ರ ಸೆಪ್ಟೆಂಬರ್ 22ರಿಂದ ಇಲ್ಲ. ಶುಗರ್‌ಗೆ ಅಂತ ಕಂಪನಿ ಏರಿಸುವುದರಲ್ಲಿ ಒಂದಷ್ಟು ಅಲ್ಲೇ ಸರಿಹೋಯಿತು ಅಂದುಕೊಳ್ಳಿ.

ಫಾರಂ ತುಂಬುವಾಗ ನಾನು ಗಂಡ ಹೆಂಡತಿ ಇಬ್ಬರನ್ನೂ ಕೂರಿಸುತ್ತೇನೆ. ಮನೆಯ ಮಾತ್ರೆ ಡಬ್ಬಿ ತರಿಸುತ್ತೇನೆ. ಚನ್ನಗಿರಿ ಹತ್ತಿರದ ಒಬ್ಬ ತೋಟದ ಯಜಮಾನರು ನನಗೇನೂ ಇಲ್ಲ ಅಂತ ಹೇಳುತ್ತಿದ್ದಾಗಲೇ ಒಳಗಿಂದ ಅವರ ಮನೆಯವರು "ಬಿಪಿ ಮಾತ್ರೆ ನುಂಗಿದ್ರಾ?" ಅಂತ ಕೇಳಿಕೊಂಡು ನೀರು ಹಿಡಿದು ಬಂದರು. ಎಲ್ಲ ಬರೆದೆವು. ಪ್ರೀಮಿಯಂ ಏರಿತು. ಈಗಲೂ ಪ್ರತಿ ವರ್ಷ ಕಟ್ಟುವಾಗ ಫೋನ್ ಮಾಡಿ ನನ್ನ ಮೇಲೆ ರೇಗುತ್ತಾರೆ. ನೂರು ವರ್ಷ ರೇಗಲಿ.

ಆರೋಗ್ಯ ವಿಮೆಯಲ್ಲಿ ನಿಯಮ ಬೇರೆ. 2024ರಲ್ಲಿ ಬಂದ ನಿಯಮದ ಪ್ರಕಾರ, ಮೊದಲೇ ಇದ್ದ ಕಾಯಿಲೆಗೆ ಕಾಯಿಸುವ ಅವಧಿ (ಆ ಕಾಯಿಲೆಯ ಖರ್ಚು ಸಿಗದ ಸಮಯ) 3 ವರ್ಷಕ್ಕಿಂತ ಜಾಸ್ತಿ ಇರುವಂತಿಲ್ಲ. 5 ವರ್ಷ ಬಿಡದೆ ನವೀಕರಿಸಿದ ಮೇಲೆ, ಮೋಸ ಸಾಬೀತು ಮಾಡಿದರೆ ಮಾತ್ರ ಕಂಪನಿ ತಕರಾರು ತೆಗೆಯಬಹುದು. ಅಂದರೆ ಶುಗರ್ ಇದೆ ಅಂತ ಹೇಳಿದವರು ಹೆಚ್ಚೆಂದರೆ ಮೂರು ವರ್ಷ ಕಾಯುತ್ತಾರೆ. ಮುಚ್ಚಿಟ್ಟವರು ಐದು ವರ್ಷ ಭಯದಲ್ಲಿರುತ್ತಾರೆ.

ಇಲ್ಲಿ ಬೆಂಗಳೂರಿನ ಮಕ್ಕಳಿಗೆ ಒಂದು ಮಾತು. ನೀವು ಅಪ್ಪ ಅಮ್ಮನಿಗೆ ಆನ್‌ಲೈನ್‌ನಲ್ಲಿ ಪಾಲಿಸಿ ಮಾಡಿಸುತ್ತೀರಿ, ಬಹಳ ಒಳ್ಳೆಯದು. ಆದರೆ ಆ ಪ್ರಶ್ನೆಗಳಿಗೆ ನೀವೇ ಉತ್ತರ ಕೊಡುತ್ತೀರಿ. ಮಗ ಗಾಬರಿ ಆಗುತ್ತಾನೆ ಅಂತ ಅಮ್ಮ ಎಷ್ಟೋ ವಿಷಯ ನಿಮಗೆ ಹೇಳಿಯೇ ಇರುವುದಿಲ್ಲ. ಫೋನಿನಲ್ಲಿ ಕೇಳಿದರೆ "ನಮಗೇನಪ್ಪ, ಆರಾಮ ಅದೀವಿ" ಅನ್ನುತ್ತಾರೆ. ಹಬ್ಬಕ್ಕೆ ಊರಿಗೆ ಬಂದಾಗ ಮಾತ್ರೆ ಚೀಟಿಗಳ ಫೋಟೊ ತಗೊಳ್ಳಿ, ಹಳೆಯ ಲ್ಯಾಬ್ ರಿಪೋರ್ಟ್ ನೋಡಿ, ಆಮೇಲೆ ತುಂಬಿ.

ಬಿಪಿಎಲ್ ಕಾರ್ಡ್ ಇರುವವರಿಗೆ ಆಯುಷ್ಮಾನ್ ಭಾರತ್ – ಆರೋಗ್ಯ ಕರ್ನಾಟಕದಲ್ಲಿ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ಚಿಕಿತ್ಸೆ ಇದೆ. ಹಳೆ ಕಾಯಿಲೆ ಅಂತ ಅಲ್ಲಿ ತಳ್ಳಿಹಾಕುವುದಿಲ್ಲ. ತುರ್ತು ಅಲ್ಲದಿದ್ದರೆ ಸರ್ಕಾರಿ ಆಸ್ಪತ್ರೆಯ ರೆಫರಲ್ ಬೇಕು. ಬ್ಯಾಂಕ್ ಖಾತೆಯಿಂದ ವರ್ಷಕ್ಕೆ 20 ರೂಪಾಯಿ ಕಡಿತವಾಗುವ ಪ್ರಧಾನ ಮಂತ್ರಿ ಸುರಕ್ಷಾ ಬಿಮಾ ಯೋಜನೆಯಲ್ಲಿ ಅಪಘಾತದ ಸಾವಿಗೆ 2 ಲಕ್ಷ ಬರುತ್ತದೆ. ಲಾರಿ ಓಡಿಸುವವರು, ಹಮಾಲಿ ಮಾಡುವವರು ಇದನ್ನೂ ಮಾಡಿಸಿಲ್ಲ ಅಂದರೆ ನಾಳೆಯೇ ಬ್ಯಾಂಕಿಗೆ ಹೋಗಿ.

ವ್ಯಾಪಾರಸ್ಥರಿಗೆ ಇನ್ನೊಂದು, ಇದೂ ಫಾರಂನ ವಿಷಯವೇ. 1874ರ ವಿವಾಹಿತ ಮಹಿಳೆಯರ ಆಸ್ತಿ ಕಾಯ್ದೆಯಡಿ ಹೆಂಡತಿ ಮಕ್ಕಳ ಹೆಸರಿಗೆ ಪಾಲಿಸಿ ಮಾಡಿದರೆ ಆ ದುಡ್ಡಿಗೆ ಸಾಮಾನ್ಯವಾಗಿ ಸಾಲ ಕೊಟ್ಟವರು ಕೈ ಹಾಕುವಂತಿಲ್ಲ. ಸಾಲ ಕೊಟ್ಟವರಿಗೆ ಮೋಸ ಮಾಡಲೆಂದೇ ಮಾಡಿದ್ದಾದರೆ ರಕ್ಷಣೆ ಸಿಗುವುದಿಲ್ಲ. ಪಾಲಿಸಿ ತಗೊಳ್ಳುವಾಗಲೇ ಹೆಚ್ಚುವರಿ ಒಂದು ಹಾಳೆ ತುಂಬಬೇಕು, ಆಮೇಲೆ ಸೇರಿಸಲು ಬರುವುದಿಲ್ಲ. ನಿಮ್ಮ ವಕೀಲರನ್ನು ಒಮ್ಮೆ ಕೇಳಿ.

ಈಗಾಗಲೇ 'ಇಲ್ಲ' ಅಂತ ಬರೆದು ಪಾಲಿಸಿ ಮಾಡಿದವರು ಏನು ಮಾಡಬೇಕು? ಬಾಂಡ್ ಜೊತೆ ನಿಮ್ಮ ಪ್ರಪೋಸಲ್ ಫಾರಂನ ಪ್ರತಿ ಇರುತ್ತದೆ. ಬೀರುವಿನಿಂದ ತೆಗೆದು ಮನೆಯವರ ಜೊತೆ ಕೂತು ಓದಿ. ಬಾಂಡ್ ಬಂದು 30 ದಿನ ಆಗಿಲ್ಲದಿದ್ದರೆ ವಾಪಸ್ ಕೊಟ್ಟು, ಸಣ್ಣಪುಟ್ಟ ಕಡಿತ ಬಿಟ್ಟು ದುಡ್ಡು ಪಡೆಯಬಹುದು. ಹೊಸ ಫಾರಂ ಸರಿಯಾಗಿ ತುಂಬಿ ಅದು ಒಪ್ಪಿಗೆಯಾದ ಮೇಲೆ ಹಳೆ ಬಾಂಡ್ ವಾಪಸ್ ಕೊಟ್ಟರೆ ಇನ್ನೂ ಒಳ್ಳೆಯದು. 30 ದಿನ ದಾಟಿದ್ದರೆ ಕಂಪನಿಗೆ ಬರವಣಿಗೆಯಲ್ಲಿ ತಿಳಿಸಿ. ಪ್ರೀಮಿಯಂ ಏರಬಹುದು, ಪಾಲಿಸಿ ರದ್ದೂ ಆಗಬಹುದು, ಹಾಗಾಗಿ ಪತ್ರ ಬರೆಯುವ ಮೊದಲು ತಿಳಿದವರೊಬ್ಬರ ಹತ್ತಿರ ಕಾಗದ ತೋರಿಸಿ. ಬರೆದ ಪತ್ರದ ನಕಲು, ಕಂಪನಿ ಕೊಟ್ಟ ಸ್ವೀಕೃತಿ, ಎರಡನ್ನೂ ಬಾಂಡಿನ ಜೊತೆಗೇ ಇಡಿ. ಇಟ್ಟ ಜಾಗವನ್ನು ಹೆಂಡತಿಗೂ ತೋರಿಸಿ.