ಆಘಾತದ ಕಥೆ ಕೇಳಿಸಿಕೊಳ್ಳುವ ಕೆಲಸ: ಬೆಂಗಳೂರಿನ ಲ್ಯಾಬ್‌ಗಳಿಗೆ ಹೋದ ನಮ್ಮ ಮಕ್ಕಳು

ದಾವಣಗೆರೆ, ಚಿತ್ರದುರ್ಗದ ಕಾಲೇಜುಗಳಲ್ಲಿ ಸೈಕಾಲಜಿ, ಬಯೋಕೆಮಿಸ್ಟ್ರಿ, ಸಮಾಜಕಾರ್ಯ ಓದಿದ ಹುಡುಗ ಹುಡುಗಿಯರು ಬೆಂಗಳೂರಿನ ಮೆದುಳು ಸಂಶೋಧನೆಯ ಲ್ಯಾಬ್‌ಗಳಿಗೆ ಸೇರುವುದು ಈಗ ಹೊಸದೇನಲ್ಲ. ಆದರೆ ಅಲ್ಲಿ ಅವರು ಏನು ಮಾಡುತ್ತಾರೆ ಎಂದು ಊರಲ್ಲಿ ಕೇಳಿದರೆ, 'ಏನೋ ಪ್ರಾಜೆಕ್ಟ್ ಅಂತೆ' ಎನ್ನುವಲ್ಲಿಗೆ ಮಾತು ನಿಲ್ಲುತ್ತದೆ. ಅದು ನೌಕರಿಯಾ, ಓದಾ? ಸಂಬಳವಾ, ಸ್ಟೈಪೆಂಡಾ? ಮನೆಯವರಿಗಿರಲಿ, ಸೇರಿದ ಮಕ್ಕಳಿಗೂ ಬೇಗ ಸ್ಪಷ್ಟವಾಗುವುದಿಲ್ಲ. ಅದರಲ್ಲೂ ಮಾನಸಿಕ ಆಘಾತದ ಮೇಲೆ ಕೆಲಸ ಮಾಡುವ ಲ್ಯಾಬ್ ಆದರೆ ಗೋಜಲು ಇನ್ನೂ ಜಾಸ್ತಿ. ಹಾಗಾಗಿ ಸ್ವಲ್ಪ ಹಿಂದಿನಿಂದ ಬರೋಣ.

ನಮ್ಮಲ್ಲಿ ಟ್ರಾಮಾ ಅಂದರೆ ಹೈವೇಯಲ್ಲಿ ಆಕ್ಸಿಡೆಂಟ್ ಆದವರನ್ನು ಕರೆತರುವ ವಾರ್ಡ್. ಈ ಲ್ಯಾಬ್‌ಗಳು ನೋಡುವುದು ಅದರ ಮುಂದಿನದನ್ನು. ಮೂಳೆ ಕೂಡಿತು, ಹೊಲಿಗೆ ಬಿಚ್ಚಿದರು, ಮನೆಗೆ ಕಳಿಸಿದರು. ಆದರೂ ಲಾರಿ ಹಾರ್ನ್ ಕೇಳಿದರೆ ಕೈಕಾಲು ನಡುಗುತ್ತದೆ. ವರ್ಷ ಕಳೆದರೂ ಅದೇ ರಾತ್ರಿ ಕನಸಿಗೆ ಬರುತ್ತದೆ. ಒಂದೇ ಬಸ್ಸಿನಲ್ಲಿದ್ದ ಇಬ್ಬರಲ್ಲಿ ಒಬ್ಬರು ಚೇತರಿಸಿಕೊಳ್ಳುತ್ತಾರೆ, ಇನ್ನೊಬ್ಬರಿಗೆ ಆಗುವುದಿಲ್ಲ. ಯಾಕೆ? ತಲೆಯೊಳಗೆ ಏನು ಬದಲಾಗಿದೆ? ಪ್ರಶ್ನೆ ಇಷ್ಟೇ.

1915ರಲ್ಲಿ ಚಾರ್ಲ್ಸ್ ಮೈಯರ್ಸ್ ಎಂಬ ಬ್ರಿಟಿಷ್ ವೈದ್ಯರು ಮೊದಲ ಮಹಾಯುದ್ಧದ ಸೈನಿಕರ ನಡುಕ, ಮರೆವಿನ ಬಗ್ಗೆ 'ಶೆಲ್ ಶಾಕ್' ಎಂದು ಬರೆದರು. ಆ ಕಾಲದಲ್ಲಿ ಹೀಗೆ ನಡುಗಿದವರನ್ನು ಹೇಡಿಗಳು ಎಂದವರೇ ಹೆಚ್ಚು. ವಿಯೆಟ್ನಾಂ ಯುದ್ಧ ಮುಗಿದ ಮೇಲೆ, 1980ರಲ್ಲಿ ಅಮೆರಿಕದ ಮನೋವೈದ್ಯರ ಕೈಪಿಡಿಯಲ್ಲಿ ಪಿಟಿಎಸ್‌ಡಿ ಎಂಬ ಕಾಯಿಲೆ, ಅಂದರೆ ಆಘಾತ ಕಳೆದ ಮೇಲೂ ಬಿಡದೆ ಕಾಡುವ ಮಾನಸಿಕ ತೊಂದರೆ, ಸೇರಿತು.

ನಮ್ಮ ರಾಜ್ಯದಲ್ಲಿ ಈ ವಿಷಯ ಲ್ಯಾಬ್‌ನಿಂದ ಶುರುವಾಗಲಿಲ್ಲ. 1981ರಲ್ಲಿ ಬೆಂಗಳೂರಿನಲ್ಲಿ ವೀನಸ್ ಸರ್ಕಸ್ ಡೇರೆಗೆ ಬೆಂಕಿ ಬಿದ್ದು ಎಷ್ಟೋ ಮಕ್ಕಳು ತೀರಿಕೊಂಡರು. ಆ ಕುಟುಂಬಗಳ ದುಃಖವನ್ನು ನಿಮ್ಹಾನ್ಸ್‌ನವರು ಅಧ್ಯಯನ ಮಾಡಿದರು. 1984ರ ಭೋಪಾಲ್ ಅನಿಲ ದುರಂತವಾದ ಮೇಲೆ ಅಲ್ಲಿನ ವೈದ್ಯರಿಗೆ ಮಾನಸಿಕ ಆರೈಕೆಯ ತರಬೇತಿ ಕೊಡಲು ಹೋದವರಲ್ಲೂ ನಿಮ್ಹಾನ್ಸ್ ವೈದ್ಯರಿದ್ದರು. ಆಗ ಕೆಲಸ ಅಂದರೆ ಸಂತ್ರಸ್ತರ ಎದುರು ಕೂತು ಕೇಳುವುದು, ಬರೆದುಕೊಳ್ಳುವುದು.

ಲ್ಯಾಬ್ ಬಂದದ್ದು ಇಲಿಗಳ ದಾರಿಯಿಂದ. 1980ರ ದಶಕದಲ್ಲಿ ನ್ಯೂಯಾರ್ಕ್‌ನಲ್ಲಿ ಜೋಸೆಫ್ ಲೆಡೂ ಮತ್ತು ಜೊತೆಯವರು ಭಯದ ಹಾದಿ ಹುಡುಕುತ್ತಾ ಮೆದುಳಿನ ಅಮಿಗ್ಡಲಾ ಎಂಬ ಸಣ್ಣ ಭಾಗಕ್ಕೆ ಬಂದರು. ಪ್ರಯೋಗ ಸರಳ. ಇಲಿಗೆ ಒಂದು ಸದ್ದು ಕೇಳಿಸಿ, ಪಾದಕ್ಕೆ ಸಣ್ಣ ಶಾಕ್ ಕೊಡುತ್ತಾರೆ. ಕೆಲವು ಸಲ ಆದರೆ ಮುಗೀತು, ಮುಂದೆ ಬರೀ ಸದ್ದಿಗೇ ಇಲಿ ನಿಂತಲ್ಲೇ ಮರಗಟ್ಟುತ್ತದೆ. ಉಸಿರಾಟ ಬಿಟ್ಟರೆ ಮೈಯಲ್ಲಿ ಅಲುಗಾಟವೇ ಇರುವುದಿಲ್ಲ. ಎಷ್ಟು ಸೆಕೆಂಡ್ ಹಾಗೆ ನಿಂತಿತು ಎನ್ನುವುದೇ ಭಯದ ಅಳತೆ. ಅದನ್ನು ವಿಡಿಯೋ ಮುಂದೆ ಕೂತು, ಸ್ಟಾಪ್‌ವಾಚ್ ಒತ್ತುತ್ತಾ ಎಣಿಸುವವರು ಎಳೆಯ ಹುಡುಗರು. ಈಗ ಸಾಫ್ಟ್‌ವೇರ್ ಇದೆ. ಆದರೂ ಅದು ಹೇಳಿದ್ದು ಸರಿಯಾ ಎಂದು ಕಣ್ಣಿನಿಂದ ನೋಡಲೇಬೇಕು.

ಬೆಂಗಳೂರಿನ ಹೆಸರು ಇಲ್ಲಿ ದೊಡ್ಡದಾಗಿಯೇ ಬರುತ್ತದೆ. ಎನ್‌ಸಿಬಿಎಸ್ ಎಂಬ ಜೀವವಿಜ್ಞಾನ ಸಂಶೋಧನಾ ಸಂಸ್ಥೆಯಲ್ಲಿ ಸುಮಂತ್ರ ಚಟರ್ಜಿಯವರ ಗುಂಪು 2002ರಲ್ಲಿ ಒಂದು ವಿಷಯ ತೋರಿಸಿತು. ಇಲಿಗಳನ್ನು ದಿನಕ್ಕೆ 2 ಗಂಟೆಯಂತೆ 10 ದಿನ ಅಲುಗಾಡದಂತೆ ಹಿಡಿದಿಟ್ಟರೆ, ನೆನಪಿಗೆ ಬೇಕಾದ ಹಿಪೊಕ್ಯಾಂಪಸ್‌ನ ನರಕೋಶಗಳ ಕವಲುಗಳು ಮೊಟಕಾಗುತ್ತವೆ. ಭಯಕ್ಕೆ ಸಂಬಂಧಪಟ್ಟ ಅಮಿಗ್ಡಲಾದಲ್ಲಿ ಮಾತ್ರ ಅವು ಬಳ್ಳಾರಿ ಜಾಲಿಯಂತೆ ಇನ್ನಷ್ಟು ಹಬ್ಬುತ್ತವೆ. 2004ರಲ್ಲಿ ಇನ್ನೊಂದು ಫಲಿತಾಂಶ ಬಂತು: 21 ದಿನ ಒತ್ತಡವಿಲ್ಲದೆ ಬಿಟ್ಟರೆ ಹಿಪೊಕ್ಯಾಂಪಸ್ ಚೇತರಿಸಿಕೊಳ್ಳುತ್ತದೆ, ಅಮಿಗ್ಡಲಾ ಹಾಗೇ ಉಳಿಯುತ್ತದೆ. 2005ರಲ್ಲಿ ಮತ್ತೊಂದು. ಒಂದೇ ಒಂದು ಸಲ, 2 ಗಂಟೆಯ ಒತ್ತಡ. ಮರುದಿನ ನೋಡಿದರೆ ಏನೂ ಆಗಿಲ್ಲ ಅನ್ನಿಸುತ್ತದೆ. 10 ದಿನ ಬಿಟ್ಟು ನೋಡಿದರೆ ಅಮಿಗ್ಡಲಾದ ಕೋಶಗಳಲ್ಲಿ ಹೊಸ ಮೊಳಕೆಗಳು, ಇಲಿಯಲ್ಲಿ ಹೆಚ್ಚಿದ ಆತಂಕ. ಘಟನೆ ನಡೆದು ಎಷ್ಟೋ ದಿನಗಳ ಮೇಲೆ ಮನುಷ್ಯ ಕುಸಿಯುವುದು ಯಾಕೆ ಎಂಬುದಕ್ಕೆ ಇದೊಂದು ಸುಳಿವು. ಆರು ತಿಂಗಳ ಮೇಲೆ ಅಳು ಬಂದವರನ್ನು 'ಈಗೇನು ನಾಟಕ' ಎಂದು ಗದರುವ ಊರುಗಳಲ್ಲಿ ಇದನ್ನು ಗೋಡೆ ಮೇಲೆ ಬರೆದು ಹಾಕಬೇಕು.

ಈ ಕವಲುಗಳನ್ನು ನೋಡುವುದು ಹೇಗೆ? ಗಾಲ್ಜಿ ಬಣ್ಣ ಹಾಕಿದ ಮೆದುಳಿನ ಸೀಳನ್ನು ಮೈಕ್ರೋಸ್ಕೋಪ್ ಕೆಳಗಿಟ್ಟು ಒಂದೊಂದೇ ಕೋಶವನ್ನು ಗೆರೆ ಎಳೆದು ಚಿತ್ರಿಸುತ್ತಾರೆ. ಯಾವ ಸ್ಲೈಡ್ ಯಾವ ಇಲಿಯದು ಎಂದು ಚಿತ್ರಿಸುವವರಿಗೆ ಹೇಳುವುದಿಲ್ಲ, ಪಕ್ಷಪಾತ ನುಸುಳಬಾರದು ಅಂತ. ಹಿಂದಿನ ತಿಂಗಳು ಅದೇ ಇಲಿಗೆ ಕಾಳು ಹಾಕಿ, ಕೈಯಲ್ಲಿ ಹಿಡಿದು ಅಭ್ಯಾಸ ಮಾಡಿಸಿ, ಕೊನೆಗೆ ಕೊಂದವರೂ ಎಷ್ಟೋ ಸಲ ಅವರೇ. ಹೊಟ್ಟೆಗೆ ಏನೂ ಸೇರದ ಆ ಸಂಜೆಗಳ ಬಗ್ಗೆ ಪ್ರಬಂಧದಲ್ಲಿ ಜಾಗವಿಲ್ಲ, ಅಲ್ವಾ?

ಇನ್ನು ಮನುಷ್ಯರ ಮೇಲಿನ ಅಧ್ಯಯನ. ಇದೇ ನಾನು ಹೆಚ್ಚು ಹತ್ತಿರದಿಂದ ಬಲ್ಲ ಹಂತ. ನಮ್ಮ ಕಡೆಯ ಮಕ್ಕಳು ಜಾಸ್ತಿ ಬೇಕಾಗುವುದೂ ಇಲ್ಲೇ. ದಾವಣಗೆರೆಯ ಕೂಲಿಯವರ ಹತ್ತಿರ, ಹಿರಿಯೂರಿನ ಡ್ರೈವರ್ ಹತ್ತಿರ ಅವರ ಮಾತಲ್ಲೇ ಮಾತಾಡುವವರು ಬೇಕು. ಪಿಟಿಎಸ್‌ಡಿ ಇದೆಯಾ ಎಂದು ಅಳೆಯುವ ಸಂದರ್ಶನ ಮುಕ್ಕಾಲು ಗಂಟೆಯಿಂದ ಒಂದು ಗಂಟೆ ಹಿಡಿಯುತ್ತದೆ. ಹೋದ ತಿಂಗಳು ಎಷ್ಟು ಸಲ ಆ ಕನಸು ಬಿತ್ತು? ಬಿದ್ದಾಗ ಎಷ್ಟು ಹೊತ್ತು ನಿದ್ದೆ ಕೆಟ್ಟಿತು? ಆ ರಸ್ತೆಯಲ್ಲಿ ಹೋಗುವುದು ಬಿಟ್ಟಿದ್ದೀರಾ? ಪ್ರತಿಯೊಂದಕ್ಕೂ ಅಂಕ ಹಾಕಬೇಕು. ಹರಿಹರದ ಕಡೆಯ ಒಬ್ಬ ಲಾರಿ ಕ್ಲೀನರ್ ಎದುರಿಗೆ ಕೂತಿದ್ದಾರೆ ಅಂದುಕೊಳ್ಳಿ. 'ಬ್ರೇಕ್ ಸದ್ದು ಕೇಳಿದ್ರೆ ಎದಿ ಝಲ್ ಅಂತೈತ್ರಿ ಅಕ್ಕಾರೆ' ಎಂದು ಸುಮ್ಮನಾಗುತ್ತಾರೆ. 'ಅಣ್ಣಾ, ಸ್ವಲ್ಪ ನೀರು ಕುಡೀರಿ, ನಾಳೆ ಮುಂದುವರಿಸೋಣ' ಎನ್ನಬೇಕು ಅನ್ನಿಸುತ್ತದೆ. ಭಾಗವಹಿಸುವವರು ಯಾವಾಗ ಬೇಕಾದರೂ ನಿಲ್ಲಿಸಬಹುದು, ನಿಯಮದಲ್ಲೇ ಇದೆ. ಆದರೆ ಪ್ರಶ್ನೆ ಕೇಳುವವರಿಗೆ ಅಂಥ ಸಾಲು ಬರೆದಿಲ್ಲ.

ಇನ್ನೊಂದು ವಿಧಾನವಿದೆ. 1987ರಲ್ಲಿ ಅಮೆರಿಕದಲ್ಲಿ ರೋಜರ್ ಪಿಟ್ಮನ್ ಮತ್ತು ಜೊತೆಯವರು ವಿಯೆಟ್ನಾಂನ ಮಾಜಿ ಸೈನಿಕರ ಮೇಲೆ ಬಳಸಿದ್ದು. ಆ ಮನುಷ್ಯ ಹೇಳಿದ ಅತಿ ಕೆಟ್ಟ ಗಳಿಗೆಯನ್ನು ಸುಮಾರು 30 ಸೆಕೆಂಡಿನ ಬರಹ ಮಾಡುತ್ತಾರೆ, ಈಗ ನಡೆಯುತ್ತಿರುವ ಹಾಗೆ. 'ನೀವು ಲಾರಿಯ ಕ್ಯಾಬಿನ್‌ನಲ್ಲಿ ಕೂತಿದ್ದೀರಿ. ಎದುರಿಗೆ ಲೈಟು ಹತ್ತಿರ ಬರುತ್ತಿದೆ. ನಿಮ್ಮ ಗಂಟಲು ಒಣಗಿದೆ.' ಹೀಗೆ. ಅದನ್ನು ಏರಿಳಿತವಿಲ್ಲದ ದನಿಯಲ್ಲಿ ರೆಕಾರ್ಡ್ ಮಾಡಿ ಅವರಿಗೇ ಕೇಳಿಸಿ, ಎದೆಬಡಿತ, ಬೆವರು ಅಳೆಯುತ್ತಾರೆ. 1996ರಲ್ಲಿ ಸ್ಕಾಟ್ ರೌಚ್ ಗುಂಪು ಇದನ್ನೇ ಸ್ಕ್ಯಾನರ್ ಒಳಗೆ ಮಾಡಿತು. ಅಮಿಗ್ಡಲಾ ಇರುವ ಕಡೆ ರಕ್ತ ಹರಿಯುವುದು ಹೆಚ್ಚಿತು, ಮಾತಿಗೆ ಬೇಕಾದ ಬ್ರೋಕಾ ಭಾಗದಲ್ಲಿ ಕಡಿಮೆಯಾಯಿತು. ಬಾಯಿ ಕಟ್ಟಿದಂತಾಗುತ್ತದೆ ಎನ್ನುವವರ ಮಾತಿಗೆ ಅಂದು ಒಂದು ಚಿತ್ರ ಸಿಕ್ಕಿತು. ಆ ಬರಹ ಬರೆಯುವವರು ಯಾರು, ಓದುವವರು ಯಾರು? ಲ್ಯಾಬ್‌ನ ಕಿರಿಯರು. ಬೇರೆಯವರ ಸಾವಿನ ಗಳಿಗೆಯನ್ನು ನಡುಗದ ದನಿಯಲ್ಲಿ, ಸರಿಬರುವ ತನಕ ಮತ್ತೆ ಮತ್ತೆ ಓದಬೇಕು. ಅದು ಓದಿದವರ ತಲೆಯಲ್ಲೂ ಉಳಿಯುತ್ತದೆ.

ಇದು ಯಾರಿಗೂ ಗೊತ್ತಿಲ್ಲದ ಸಂಗತಿಯಲ್ಲ. ಆಘಾತದ ಕಥೆಗಳನ್ನು ದಿನವೂ ಕೇಳುವವರ ಮನಸ್ಸೂ ಬದಲಾಗುತ್ತದೆ ಎಂದು 1990ರಲ್ಲೇ ಮ್ಯಾಕ್‌ಕ್ಯಾನ್ ಮತ್ತು ಪರ್ಲ್‌ಮನ್ ಬರೆದರು. ಅಮೆರಿಕದ ಅದೇ ಮನೋವೈದ್ಯರ ಕೈಪಿಡಿಯ 2013ರ ಆವೃತ್ತಿಯಲ್ಲಿ, ಕೆಲಸದ ಭಾಗವಾಗಿ ಇಂಥ ವಿವರಗಳಿಗೆ ಪದೇ ಪದೇ ಒಡ್ಡಿಕೊಂಡವರಿಗೂ ಪಿಟಿಎಸ್‌ಡಿ ಬರಬಹುದು ಎಂದು ಸೇರಿಸಿದರು. ಅಲ್ಲಿ ಉದಾಹರಣೆ ಕೊಟ್ಟದ್ದು ಪೊಲೀಸರದು, ಶವ ಸಂಗ್ರಹಿಸುವವರದು. ಲ್ಯಾಬ್‌ನವರದಲ್ಲ. ಇಲಿಗೆ ಅನಗತ್ಯ ನೋವಾಗದಂತೆ ನೋಡುವ ಸಮಿತಿ ಇದೆ, ಇರಲೇಬೇಕು. ಭಾಗವಹಿಸುವ ಮನುಷ್ಯರಿಗಾಗಿ ನೈತಿಕ ಸಮಿತಿ ಇದೆ, ಅದೂ ಬೇಕು. ಈ ಎರಡರ ನಡುವೆ ನಿಂತು ದುಡಿಯುವವರಿಗೆ ಅಂತ ಒಂದು ಸಮಿತಿ ಇಲ್ಲ. ಪ್ರಾಜೆಕ್ಟ್ ಹಣ ಬರುವುದು ಸಿಬ್ಬಂದಿ, ಉಪಕರಣ, ರಾಸಾಯನಿಕ, ಪ್ರಯಾಣ, ಇತರೆ ಖರ್ಚು ಎಂಬ ಬಾಬ್ತುಗಳಲ್ಲಿ. ಕೇಳಿಸಿಕೊಂಡವರು ವಾರಕ್ಕೊಮ್ಮೆ ಹಿರಿಯರೊಬ್ಬರ ಹತ್ತಿರ ಮನಸ್ಸು ಹಗುರ ಮಾಡಿಕೊಳ್ಳಲು ಬೇಕಾದ ಸಮಯ ಯಾವ ಬಾಬ್ತಿಗೂ ಸೇರುವುದಿಲ್ಲ. ಮಾಡಿಸುವ ಒಳ್ಳೆಯ ಗೈಡ್‌ಗಳು ಇದ್ದಾರೆ, ತಮ್ಮ ಸ್ವಂತ ಸಮಯದಲ್ಲಿ.

ಹಣದ ಮಾತು ಬೇಗ ಮುಗಿಸೋಣ. ನೆಟ್ ಎಂಬ ರಾಷ್ಟ್ರಮಟ್ಟದ ಅರ್ಹತಾ ಪರೀಕ್ಷೆ ಪಾಸಾದ ಕಿರಿಯ ಸಂಶೋಧಕರಾದ ಜೆಆರ್‌ಎಫ್‌ಗಳ ಸ್ಟೈಪೆಂಡ್ 2019ರಲ್ಲಿ ತಿಂಗಳಿಗೆ 25,000ದಿಂದ 31,000ಕ್ಕೆ, 2023ರಲ್ಲಿ 37,000ಕ್ಕೆ ಏರಿತು. 2019ರ ಏರಿಕೆಗೆ ಸಂಶೋಧನಾ ವಿದ್ಯಾರ್ಥಿಗಳು ಬೀದಿಗಿಳಿಯಬೇಕಾಯಿತು. ನೆಟ್ ಇಲ್ಲದೆ ಫೀಲ್ಡ್ ಕೆಲಸಕ್ಕೆ ಸೇರಿದವರಿಗೆ ಅಷ್ಟು ಸಿಗುವುದು ಅಪರೂಪ. ಪ್ರಾಜೆಕ್ಟ್ ಸಾಮಾನ್ಯವಾಗಿ ಮೂರು ವರ್ಷ, ಆಮೇಲೆ ಮತ್ತೆ ಹುಡುಕಾಟ. ಹೆಸರಿನ ವಿಷಯವೂ ಹಾಗೇ. ವೈದ್ಯಕೀಯ ಪತ್ರಿಕೆಗಳ ನಿಯಮದ ಪ್ರಕಾರ ಬರೀ ಮಾಹಿತಿ ಸಂಗ್ರಹಿಸಿದವರು ಲೇಖಕರಾಗುವುದಿಲ್ಲ. ಕೊನೆಯಲ್ಲಿ ಧನ್ಯವಾದದ ಸಾಲಿನಲ್ಲಿ ಬಂದರೆ ಬಂತು. ಬರವಣಿಗೆಯಲ್ಲೂ ಅವರನ್ನು ಸೇರಿಸಿಕೊಂಡರೆ ನಿಯಮ ಅಡ್ಡ ಬರುವುದಿಲ್ಲ. ಅಷ್ಟು ಮಾಡಬಹುದಲ್ಲ.

ಚಳ್ಳಕೆರೆ ಹತ್ತಿರದ ಕುದಾಪುರದಲ್ಲಿ ಐಐಎಸ್‌ಸಿಯ 1500 ಎಕರೆಯ ಕ್ಯಾಂಪಸ್ ಇದೆ. ಅಲ್ಲಿ ವಿಜ್ಞಾನ ಶಿಕ್ಷಕರಿಗೆ ತರಬೇತಿ ನಡೆಯುತ್ತದೆ, ತರಗತಿ, ಉಳಿಯುವ ವ್ಯವಸ್ಥೆ ಎಲ್ಲ ಇದೆ. ಸಂದರ್ಶನ ಮಾಡುವುದು ಹೇಗೆ, ಎಲ್ಲಿ ನಿಲ್ಲಿಸಬೇಕು, ತಮ್ಮ ಮನಸ್ಸನ್ನು ಕಾಪಾಡಿಕೊಳ್ಳುವುದು ಹೇಗೆ ಎಂದು ನಮ್ಮ ಎರಡೂ ಜಿಲ್ಲೆಯ ಮಕ್ಕಳಿಗೆ ಅಂಥ ಜಾಗದಲ್ಲೇ ಹೇಳಿಕೊಡಬಹುದು, ಅವರು ಬೆಂಗಳೂರಿನ ಬಸ್ ಹತ್ತುವ ಮೊದಲೇ. ತಾಲ್ಲೂಕು ಆಸ್ಪತ್ರೆಗಳಲ್ಲಿ ಮಾನಸಿಕ ಕಾಯಿಲೆಗಳನ್ನು ನೋಡುವ ಮನೋಚೈತನ್ಯ ಕ್ಲಿನಿಕ್‌ಗಳಲ್ಲಿ ಅವರನ್ನು ಕೂರಿಸಿ ಕಲಿಸಿದರೂ ಆದೀತು.

ಅಲ್ಲಿಯವರೆಗೆ, ಸೇರಲು ಹೊರಟವರು ಇಂಟರ್‌ವ್ಯೂನಲ್ಲೇ ಕೇಳಬೇಕಾದ್ದು ಕೆಲವಿದೆ. ದಿನಕ್ಕೆ ಎಷ್ಟು ಸಂದರ್ಶನ ಮಾಡಬೇಕು? ಕಷ್ಟವಾದರೆ ಯಾರ ಹತ್ತಿರ ಹೇಳಿಕೊಳ್ಳಬೇಕು, ಅವರು ನನ್ನ ಬಾಸ್ ಅಲ್ಲದ ಬೇರೆಯವರಾ? ಪ್ರಾಜೆಕ್ಟ್ ಮುಗಿದ ಮೇಲೆ ನನ್ನ ಕೆಲಸದ ಬಗ್ಗೆ ಬರವಣಿಗೆಯಲ್ಲಿ ಏನು ಕೊಡುತ್ತೀರಿ? ಕೇಳುವುದಕ್ಕೆ ಸಂಕೋಚ ಬೇಡ. ಸೇರಿದ ಮೇಲೆ ನಿದ್ದೆ ಕೆಟ್ಟರೆ, ರಾತ್ರಿಯಾದರೂ ಸರಿ, ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ಗೆ ಕರೆ ಮಾಡಿ. ನಂಬರ್ 14416, ಕನ್ನಡದಲ್ಲೇ ಮಾತಾಡಬಹುದು.